ಗೂಡಿನಲ್ಲಿಟ್ಟ ಅರ್ಧ ಅಣಬೆ

ಬಚ್ಚಪ್ಪ ಸೀರೆಯನ್ನು ಬಿಚ್ಚಲಿಲ್ಲ. ಅಕ್ಕನ ಹೆಣದ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದವನು ಎದ್ದು, ಮಡಿಕೆ ಮುರಿಯದ ಆ ಹೊಸ ಸೀರೆಯನ್ನು ಕಂಕುಳಲ್ಲಿ ಇರುಕಿಕೊಂಡು ಜಗಲಿಯ ಕಂಬದ ಹತ್ತಿರ ಹೋಗಿ ನಿಂತ.

“ಹೊದಿಸಲ್ಲ” ಅಂದ. “ನಮ್ಮಕ್ಕಯ್ಯ ಹೆಂಗೆ ಸತ್ತಳು ಅಂತ ತಿಳಿಯೋ ತನಕ ಈ ಸೀರೆ ಬಿಚ್ಚಲ್ಲ.”

ತಮಟೆ ನಿಂತಿತು. ಅಳುತ್ತಿದ್ದ ಹೆಂಗಸರು ಅಳುವನ್ನು ಅರ್ಧಕ್ಕೇ ಬಿಟ್ಟು ಕಿವಿಗೊಟ್ಟರು. ಗೋಡೆಗೆ ಒರಗಿಸಿ ಕೂರಿಸಿದ್ದ ಕೊಂಡಮ್ಮ ಮಾತ್ರ, ಬದುಕಿದ್ದಾಗ ಯಾರ ಜಗಳಕ್ಕೂ ತಲೆ ಎತ್ತಿ ನೋಡದಿದ್ದಂತೆ, ಈಗಲೂ ಕಣ್ಣು ಮುಚ್ಚಿ ಕೂತಿದ್ದಳು.

ತವರಿನ ಸೀರೆ ಮೈಮೇಲೆ ಬೀಳದೆ ಹೆಣ್ಣಿನ ಹೆಣ ಅಂಗಳ ದಾಟುವ ಹಾಗಿಲ್ಲ. ಗಂಡನ ಮನೆಯಲ್ಲಿ ಎಷ್ಟು ಕಾಲ ಬಾಳಿದ್ದರೂ ಸರಿ, ಕೊನೆಗೆ ಕಳಿಸಿಕೊಡಬೇಕಾದವರು ಹುಟ್ಟಿದ ಮನೆಯವರೇ. ಅವರು ಕೇಳಿದ್ದಕ್ಕೆ ಉತ್ತರ ಕೊಟ್ಟು ಒಪ್ಪಿಸಬೇಕು. ಅವರು ಒಪ್ಪದಿದ್ದರೆ ಊರಿಗೆ ಊರೇ ನಿಂತರೂ ಚಟ್ಟ ಮೇಲೇಳುವುದಿಲ್ಲ. ತಾಯಲೂರಿನ ಸುತ್ತಮುತ್ತ ಇದು ಎಲ್ಲರಿಗೂ ಗೊತ್ತಿದ್ದ ನ್ಯಾಯ.

ನಂಗಲಿಯಿಂದ ಗಾಡಿಯಲ್ಲಿ ಬರುವಾಗ ಬಚ್ಚಪ್ಪನ ಎದೆಯಲ್ಲಿ ದುಃಖ ಮಾತ್ರ ಇತ್ತು. ಬಟ್ಟೆಗೂ ಕಂಟ್ರೋಲು ಬಂದಿದ್ದ ಯುದ್ಧದ ಕಾಲ ಅದು. ಆದರೂ ಎಲ್ಲೆಲ್ಲೋ ಕಾಡಿ ಬೇಡಿ ಸೀರೆ ಹೊಂದಿಸಿಕೊಂಡು ಬಂದಿದ್ದ. ಗಾಡಿ ಇಳಿದು ಅಂಗಳಕ್ಕೆ ಕಾಲಿಡುವಷ್ಟರಲ್ಲಿ ಪಕ್ಕದ ಮನೆಯ ಮುನಿಶಾಮಮ್ಮ ಎದುರಿಗೆ ಬಂದಳು. ಮುನಿಶಾಮಮ್ಮ ಕೆಟ್ಟವಳಲ್ಲ, ಬಾಯಿಗೆ ಬೀಗ ಇಲ್ಲದವಳು ಅಷ್ಟೆ. ಅಳುತ್ತ ಅಳುತ್ತಲೇ ಎಲ್ಲವನ್ನೂ ಹೇಳಿದಳು.

“ರಾತ್ರಿ ಅಣಬೆ ಸಾರು ಉಂಡು ಮಲಗಿದ್ದೇ ಕಣಪ್ಪಾ, ಬೆಳಿಗ್ಗೆ ಏಳಲೇ ಇಲ್ಲ. ಉಂಡಿದ್ದು ಅವಳೊಬ್ಬಳೇ. ಮಗ ಬಾಯಿಗಿಕ್ಕಿಲ್ಲ, ಸೊಸೆ ಬಾಯಿಗಿಕ್ಕಿಲ್ಲ. ಸಾಯಂಕಾಲ ಅತ್ತೆ ಸೊಸೆಗೆ ಜಗಳ ಬೇರೆ ಆಗಿತ್ತಪ್ಪಾ... ‘ಒಬ್ಬಳೇ ತಿಂದು ಸಾಯಿ’ ಅಂತ ಆ ಶಾಮಲಮ್ಮ ಕೂಗಿದ್ದು ನಮ್ಮ ಹಿತ್ತಲ ತನಕ ಕೇಳಿಸ್ತು.”

ಇಷ್ಟು ಸಾಕಾಯಿತು. ಅಣಬೆ ಅನ್ನುವ ಹೆಸರು ಕೇಳಿದರೇ ಬಚ್ಚಪ್ಪನ ಮುಖ ಕಪ್ಪಿಡುತ್ತಿತ್ತು. ಅವನ ಮನೆಯಲ್ಲಿ ಅದರ ಹೆಸರೆತ್ತುವಂತಿರಲಿಲ್ಲ.

ಊರ ಹಿರಿಯ ಅಪ್ಪಾಜಪ್ಪ ಮೆಲ್ಲಗೆ ಹೇಳಿ ನೋಡಿದ. “ಬಚ್ಚಪ್ಪಾ, ಹೊತ್ತು ಇಳೀತಾ ಐತೆ. ಗುಂಡಿ ತೋಡಿ ಆಗೈತೆ. ವಯಸ್ಸಾದ ಜೀವ, ಹೋಯ್ತು. ಮುಂದಿನ ಕೆಲಸ ನೋಡೋಣ.”

“ಏಂ ಮುಂದಿನ ಕೆಲಸ? ಮುಂದಿನ ಕೆಲಸ ಮುಳಬಾಗಿಲಲ್ಲಿ ಐತೆ. ಗಾಡಿ ಕಟ್ಟಿಸ್ತೀನಿ, ಆಸ್ಪತ್ರೆಗೆ ಸಾಗಿಸೋಣ. ಕೊಯ್ದು ನೋಡ್ಲಿ. ಹೊಟ್ಟೇಲಿ ಏನೈತೆ ಅಂತ ಅವರೇ ಹೇಳ್ತಾರೆ. ಆಮೇಲೆ ಪೊಲೀಸರು ಕೇಳ್ತಾರೆ, ಈ ಮನೆಯೋರು ಹೇಳ್ತಾರೆ.”

ಕೊಯ್ಯುವ ಮಾತು ಕೇಳಿ ಅಂಗಳದಲ್ಲಿದ್ದ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಒಬ್ಬಿಬ್ಬರು ಹೆಣದ ಕಡೆ ನೋಡಲಾರದೆ ಮುಖ ತಿರುಗಿಸಿದರು. ಕೊಂಡಮ್ಮನ ಮಗ ಮುನಿಕೃಷ್ಣಪ್ಪ ತಾಯಿಯ ಪಾದದ ಹತ್ತಿರ ಕೂತಿದ್ದ. ಅವನು ಒಮ್ಮೆ ಸೋದರಮಾವನನ್ನು ನೋಡಿದ, ಒಮ್ಮೆ ಬಾಗಿಲೊಳಗೆ ನಿಂತಿದ್ದ ಹೆಂಡತಿಯನ್ನು ನೋಡಿದ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುವ ಜಾತಿಯ ಮನುಷ್ಯ; ನೆಲ ನೋಡುತ್ತ ಸುಮ್ಮನಾದ.

ಶಾಮಲಮ್ಮ ಆ ಸುಮ್ಮನಿರುವಿಕೆಯನ್ನು ನೋಡಿದಳು. ಬೆಳಗಿನಿಂದ ಅವಳಿಗೆ ಅಳು ಬಂದಿರಲಿಲ್ಲ. ಈಗ ಬರುವ ಹಾಗಾಯಿತು, ಆದರೆ ಅತ್ತೆಗಾಗಿ ಅಲ್ಲ.

*

ಬಚ್ಚಪ್ಪ ತೊಟ್ಟಿಲಲ್ಲಿದ್ದ ಕಾಲದ ಮಾತು. ನಂಗಲಿಯ ಅವರ ಮನೆಯಲ್ಲಿ ಮೂವರು ಮಕ್ಕಳು. ದೊಡ್ಡವಳು ಕೊಂಡಮ್ಮ, ನಡುವಿನವಳು ಆಂಜಿನಮ್ಮ, ಕೊನೆಗೆ ಇವನು. ಗುಡುಗಿನ ಮಳೆ ಬಿದ್ದ ಮಾರನೆಯ ದಿನ ತಾಯಿ ಊರಾಚೆಯ ಕಲ್ಲುಗುಡ್ಡಕ್ಕೆ, ಗುಟ್ಟೆಯ ಕಡೆ, ಹೋಗಿ ಒಂದು ಬೊಗಸೆ ಅಣಬೆ ತಂದಳು. ಎಲ್ಲವೂ ಬೆಳ್ಳಗೆ, ದುಂಡಗೆ, ಕೋಳಿಮೊಟ್ಟೆಯ ಹಾಗೆ. ತೊಳೆದು, ಇಡಿಯಾಗಿಯೇ ಸಾರಿಗೆ ಹಾಕಿದಳು. ಕೊಂಡಮ್ಮನಿಗೆ ಜ್ವರ, ಅವಳಿಗೆ ಗಂಜಿ. ಒಳ್ಳೆಯದು ಮೊದಲು ಮಕ್ಕಳ ಬಾಯಿಗೆ ಬೀಳಲಿ ಎಂದು ತಾಯಿ ಎಲ್ಲವನ್ನೂ ಆಂಜಿನಮ್ಮನ ತಟ್ಟೆಗೇ ಬಳಿದಳು. ತಾನು ಬರೀ ಉಪ್ಪು ಹಚ್ಚಿಕೊಂಡು ಮುದ್ದೆ ನುಂಗಿದಳು.

ಮಗು ಮಾರನೆಯ ಬೆಳಿಗ್ಗೆ ಆಡುತ್ತಲೇ ಇತ್ತು. ಮಧ್ಯಾಹ್ನದ ಮೇಲೆ ವಾಂತಿ ಭೇದಿ ಹತ್ತಿಕೊಂಡಿತು. ಆಮೇಲೆ ಅದು ಏಳಲಿಲ್ಲ.

ಆಗ ಅಜ್ಜಿ, ಅಂದರೆ ಆ ತಾಯಿಯ ಅತ್ತೆ, ಒಂದೇ ಮಾತು ಕೇಳಿದಳು. “ನೀನ್ಯಾಕೆ ತಿನ್ನಲಿಲ್ಲ?”

ಏನೆಂದು ಉತ್ತರ ಕೊಡುವುದು? ಪಾತ್ರೆ ತೊಳೆದಾಗಿತ್ತು, ಸಾರು ಮುಗಿದಿತ್ತು. ಮಗು ತಿಂದದ್ದು ಏನು ಎಂದು ತೋರಿಸಲು ಒಂದು ಚೂರೂ ಉಳಿದಿರಲಿಲ್ಲ. ಪೊಲೀಸರು ಬರಲಿಲ್ಲ, ಪಂಚಾಯಿತಿಯೂ ಸೇರಲಿಲ್ಲ. ಆದರೆ ಅಂದಿನಿಂದ ಊರಿನ ಯಾವ ಮದುವೆಯಲ್ಲೂ ಅವಳನ್ನು ಒಲೆಯ ಹತ್ತಿರ ಬಿಡಲಿಲ್ಲ. ಮಗನೇ ಆದ ಬಚ್ಚಪ್ಪ ಅಜ್ಜಿಯ ತೊಡೆಯ ಮೇಲೆ, ಅಜ್ಜಿಯ ಮಾತು ಕೇಳುತ್ತಲೇ ಬೆಳೆದ. ತಾಯಿ ಬಡಿಸಿದ್ದನ್ನು ಉಣ್ಣುವಾಗಲೂ ಅವನ ಕಣ್ಣು ಒಂದು ಗಳಿಗೆ ತಟ್ಟೆಯಲ್ಲಿ ಏನನ್ನೋ ಹುಡುಕುತ್ತಿತ್ತು. ತಾಯಿಗೆ ಅದು ಕಾಣುತ್ತಿತ್ತು.

ಕೊಂಡಮ್ಮ ಮಾತ್ರ ಅದನ್ನು ಅಲ್ಲಿಗೆ ಬಿಡಲಿಲ್ಲ. ಮದುವೆಯಾಗಿ ತಾಯಲೂರಿನ ಈ ಕಡೆಗೆ ಬಂದ ಮೇಲೆ, ಗುಟ್ಟೆಯ ಮೇಲೆ ಮೇಕೆ ಕಾಯುತ್ತಿದ್ದ ಚಿಕ್ಕಗಂಗಮ್ಮ ಎಂಬ ಮುದುಕಿಯ ಬೆನ್ನು ಬಿದ್ದಳು. ನಮ್ಮ ಆಂಜಿ ತಿಂದದ್ದು ಏನು, ಅದೊಂದು ಹೇಳಜ್ಜಿ ಎಂದು ಕೇಳಿದಳು. ಮುದುಕಿ ಕಮರದ ಮರದ ಬುಡದಲ್ಲಿ ಬಿರುಕು ಬಿಟ್ಟ ನೆಲ ತೋರಿಸಿದಳು. ಕೋಲಿನಿಂದ ಕೆದಕಿದರೆ ನಿಂಬೆಹಣ್ಣಿನ ಗಾತ್ರದ ಉಂಡೆಗಳು. ಕೊಡೆ ಇಲ್ಲ, ಕಾಲಿಲ್ಲ, ತಳದಲ್ಲಿ ಬೇರಿನಂಥ ಒಂದು ಎಳೆ ಮಾತ್ರ. ಒಂದನ್ನು ಕೊಯ್ದಳು. ಸಿಪ್ಪೆ ಈರುಳ್ಳಿಯದರಷ್ಟು ತೆಳ್ಳಗೆ. ಒಳಗೆಲ್ಲ ಒಂದೇ ಬಿಳುಪು, ಅದರಲ್ಲಿ ಸೂಜಿ ಚುಚ್ಚಿದಂಥ ಸಣ್ಣ ಸಣ್ಣ ತೂತು. “ಇದು ತಿನ್ನೋ ಉಂಡೆ.” ಆಚೆ ಬೇಲಿಯ ಹತ್ತಿರದಿಂದ ಇನ್ನೊಂದು ತಂದಳು. ಹೊರಗೆ ನೋಡಿದರೆ ಅದೂ ಬೆಳ್ಳಗೆ, ದುಂಡಗೆ. ಕೊಯ್ದರೆ ಒಳಗೆ ಮಡಿಸಿಟ್ಟ ಕೊಡೆ: ಕಾಲು, ಕಾಲಿನ ಮೇಲೆ ಟೋಪಿ, ಬರೆದಿಟ್ಟ ಹಾಗೆ. “ಇದು ಉಂಡೆ ಅಲ್ಲ ಕಣೇ, ಕೊಡೆಯ ಮೊಟ್ಟೆ. ಇನ್ನೂ ಅರಳಿಲ್ಲ. ನಿಮ್ಮಮ್ಮ ಇವೆರಡನ್ನೂ ಸೇರಿಸಿ ತಂದಿರಬೇಕು. ಕೊಯ್ದಿದ್ರೆ ಕಾಣ್ತಿತ್ತು.”

ಮೂರನೆಯದೂ ಒಂದಿತ್ತು, ಕರಿ ಉಂಡೆ. ಅದರ ಸಿಪ್ಪೆ ದಪ್ಪ, ತೊಗಲಿನ ಹಾಗೆ. ಕೊಯ್ದ ಗಳಿಗೆಯಲ್ಲೇ ಒಳಗೆ ನೇರಳೆಗಪ್ಪು. ಅದನ್ನೂ ತಿನ್ನಬಾರದು.

ಕೊಂಡಮ್ಮ ಅಲ್ಲೇ ಮಣ್ಣಿನಲ್ಲಿ ಕೂತು ಅತ್ತಳು. ಒಂದು ಚೂರಿಯ ಗೀರಿನಷ್ಟು ಕೆಲಸ. ಅಷ್ಟು ಮಾಡಿದ್ದರೆ ತಂಗಿ ಇರುತ್ತಿದ್ದಳು, ತಾಯಿಯೂ ಮನುಷ್ಯಳಾಗಿ ಇರುತ್ತಿದ್ದಳು.

*

“ನೀನ್ಯಾಕೆ ತಿನ್ನಲಿಲ್ಲ?” ಬಚ್ಚಪ್ಪ ಬಾಗಿಲ ಕಡೆ ತಿರುಗಿ ಕೇಳಿದ. “ಕೇಳ್ತಿರೋದು ನಿನ್ನನ್ನೇ ಕಣಮ್ಮ. ಅಡಿಗೆ ಮಾಡಿದೋಳು ನೀನು. ನೀನ್ಯಾಕೆ ತಿನ್ನಲಿಲ್ಲ?”

ಶಾಮಲಮ್ಮ ಹೊಸ್ತಿಲು ದಾಟಿ ಹೊರಗೆ ಬಂದಳು. ನಾಲ್ಕು ತಿಂಗಳ ಬಸುರಿ. ಹೆಣದ ಮುಂದೆ ಬರಬೇಡ ಎಂದು ಬೆಳಗಿನಿಂದ ಹೆಂಗಸರು ಒಳಗೇ ಕೂರಿಸಿದ್ದರು. ಈಗ ಯಾರ ಮಾತೂ ಕೇಳದೆ ಬಂದು ಕಂಬದ ಎದುರಿಗೆ ನಿಂತಳು.

“ಈ ಮಾತು ನಿಮ್ಮಮ್ಮನ್ನೂ ಕೇಳಿದ್ರಂತೆ ಮಾವ” ಅಂದಳು.

ಬಚ್ಚಪ್ಪ ಸೀರೆಯನ್ನು ಇನ್ನೂ ಬಿಗಿಯಾಗಿ ಇರುಕಿಕೊಂಡ. ಸುತ್ತ ಇದ್ದವರಿಗೆ ಏನೂ ತಿಳಿಯಲಿಲ್ಲ. ತಿಳಿದಿದ್ದವಳು ಗೋಡೆಗೆ ಒರಗಿ ಕೂತಿದ್ದಳು.

“ಅತ್ತೆ ಎಲ್ಲಾ ಹೇಳವ್ರೆ ನಂಗೆ. ಆವತ್ತು ತೋರ್ಸಕ್ಕೆ ಒಂದು ಚೂರೂ ಉಳಿದಿರಲಿಲ್ಲ ಅಂತ, ಇವ್ರು ಯಾವತ್ತೂ ಪೂರ್ತಿ ಸಾರಿಗೆ ಹಾಕ್ತಾ ಇರಲಿಲ್ಲ. ಕೊಯ್ದದ್ರಲ್ಲಿ ಒಂದು ಅರ್ಧ ಗೂಡಲ್ಲಿ ಇಡೋರು. ಮಾರನೇ ದಿನ ದೀಪ ಹಚ್ಚೋ ತನಕ ಅದನ್ನ ಯಾರೂ ಮುಟ್ಟಂಗಿಲ್ಲ. ‘ಯಾರಾದ್ರೂ ಏನು ತಿಂದ್ರಿ ಅಂದ್ರೆ, ಬಾಯಿಲ್ದಿದ್ರೂ ಇದೇ ಹೇಳ್ತದೆ’ ಅನ್ನೋರು. ನೆನ್ನೇದೂ ಐತೆ.”

ಒಳಗೆ ಹೋದಳು. ದೀಪದ ಗೂಡಿನಿಂದ ಒಂದು ಹರಿವಾಣವನ್ನು ಎರಡೂ ಕೈಯಲ್ಲಿ ಹಿಡಿದು ತಂದು ಎಲ್ಲರ ಮುಂದೆ ಇಟ್ಟಳು.

ಹರಿವಾಣದಲ್ಲಿ ಅರ್ಧ ಉಂಡೆ ಇತ್ತು. ಕೊಯ್ದ ಮುಖ ನಶ್ಯದ ಬಣ್ಣಕ್ಕೆ ತಿರುಗಿತ್ತು, ಹೆಚ್ಚುಕಡಿಮೆ ಕಪ್ಪೇ.

“ಅಯ್ಯಯ್ಯೋ” ಎಂದು ಮುನಿಶಾಮಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಗುಂಪು ಒಂದು ಹೆಜ್ಜೆ ಹಿಂದೆ ಸರಿಯಿತು. ಕಪ್ಪಾದದ್ದು ವಿಷ ಅನ್ನುವುದನ್ನು ಹೇಳಿಕೊಡಲು ಯಾರೂ ಬೇಕಿರಲಿಲ್ಲ.

“ಚೂಡಂಡಿ!” ಬಚ್ಚಪ್ಪ ಸಿಟ್ಟು ಬಂದಾಗ ಹೊರಬರುವ ತನ್ನ ತೆಲುಗಿನಲ್ಲಿ ಕೂಗಿದ. “ನೋಡಿ, ಎಲ್ಲಾರೂ ನೋಡಿ! ಮಸಿ ಆದಂಗೆ ಆಗೈತೆ. ಇದನ್ನ ಉಂಡು ಯಾರು ಬದುಕ್ತಾರೆ? ಲೇ ಕೃಷ್ಣಪ್ಪಾ, ಗಾಡಿ ಕಟ್ಟೋ.”

ತಾನೇ ತಂದಿಟ್ಟ ಸಾಕ್ಷಿ ತನ್ನ ಮೇಲೆಯೇ ತಿರುಗಿ ಬಿದ್ದದ್ದನ್ನು ಶಾಮಲಮ್ಮ ನೋಡುತ್ತ ನಿಂತಳು. ಹಿಂದಿನ ಸಂಜೆ ತನ್ನ ಬಾಯಿಂದ ಬಂದ ಮಾತು ನೆನಪಾಗಿ, ಇದೆಲ್ಲ ತನಗೆ ಆಗಬೇಕಾದದ್ದೇ ಏನೋ ಅನ್ನಿಸಿತು.

*

ಶ್ರೀನಿವಾಸಪುರದ ಕಡೆಯ ಹುಡುಗಿ ಶಾಮಲಮ್ಮ. ಮದುವೆಯಾಗಿ ಬಂದ ವರ್ಷ ಅತ್ತೆಯ ಈ ಅಣಬೆಯ ಹುಚ್ಚು ಕಂಡು ಮುಸಿಮುಸಿ ನಕ್ಕಿದ್ದಳು. ಬೇರೆ ಹೆಂಗಸರು ಅಣಬೆ ತಂದು ತೊಳೆದು ಒಲೆಗೇರಿಸಿ ಉಂಡು ಕೈ ತೊಳೆದುಕೊಳ್ಳುವಷ್ಟರಲ್ಲಿ, ಕೊಂಡಮ್ಮ ಇನ್ನೂ ಒಂದೊಂದನ್ನೇ ಕೊಯ್ದು, ಬೆಳಕಿಗೆ ಹಿಡಿದು, ಮೂಸಿ ನೋಡುತ್ತ ಕೂತಿರುತ್ತಿದ್ದಳು. ಹೆಣ್ಣು ನೋಡಲು ಬಂದವರೂ ಅಷ್ಟು ನೋಡುವುದಿಲ್ಲ ಎಂದು ಊರವರು ಆಡಿಕೊಳ್ಳುತ್ತಿದ್ದರು.

ಅದಕ್ಕಿಂತ ಹೆಚ್ಚಾಗಿ ಆಡಿಕೊಳ್ಳುತ್ತಿದ್ದುದು ಇನ್ನೊಂದನ್ನು. ಪ್ರತಿ ವರ್ಷ ಮೊದಲ ಮಳೆಯ ಅಣಬೆಯನ್ನು ಕೊಂಡಮ್ಮ ಯಾರಿಗೂ ಕೊಡುತ್ತಿರಲಿಲ್ಲ. ಸ್ವಲ್ಪ ಬೇಯಿಸಿ ತಾನೊಬ್ಬಳೇ ಉಣ್ಣುವಳು. ಉಳಿದವು ಹಿತ್ತಲ ಮಡಕೆಯ ಒದ್ದೆ ಮರಳಿನಲ್ಲಿ ಇಡಿಯಾಗಿ ಹುದುಗಿರಬೇಕು. ಮಾರನೆಯ ದಿನ ದೀಪ ಹಚ್ಚಿದ ಮೇಲೆ ಮನೆಯವರಿಗೆ. “ಮೊದಲ ಅಣಬೆ ಮುದುಕಿ ಬಾಯಿಗೆ” ಎಂದು ಊರಲ್ಲಿ ಅದೊಂದು ಗಾದೆಯೇ ಆಗಿಹೋಗಿತ್ತು. ಹೊಟ್ಟೆಬಾಕಿ ಅಂದರೂ ಅವಳು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಎರಡನೆಯ ವರ್ಷ ಶಾಮಲಮ್ಮನನ್ನು ಗುಟ್ಟೆಗೆ ಕರೆದುಕೊಂಡು ಹೋಗಿ, ಕೈಗೆ ಚೂರಿ ಕೊಟ್ಟು, ಮೂರು ಬಗೆಯನ್ನೂ ಕೊಯ್ಯಿಸಿ ತೋರಿಸಿದಳು. ಆಂಜಿನಮ್ಮನ ಕತೆ ಹೇಳಿದ್ದು ಆವತ್ತೇ. “ನಮ್ಮಮ್ಮ ಪ್ರೀತಿಯಿಂದ ಮೊದಲು ಮಗೂಗೆ ಇಕ್ಕಿದ್ಲು ಕಣೇ. ಅದೇ ತಪ್ಪಾಯ್ತು. ಎಷ್ಟು ತಿಳಿದಿದ್ರೂ ಕಣ್ಣು ಒಂದ್ಸಲ ಮೋಸ ಹೋಗ್ತದೆ. ಮೋಸ ಹೋದ್ರೆ ಹಣ್ಣೆಲೆ ಉದುರ್ಲಿ, ಚಿಗುರು ಯಾಕೆ?”

ಎಲ್ಲ ತಿಳಿದೂ ಶಾಮಲಮ್ಮ ನಿನ್ನೆ ಸೋತಿದ್ದಳು. ಬಸುರಿಯ ಬಯಕೆ. ವಾರದಿಂದ ಯಾವುದೂ ಬಾಯಿಗೆ ಸೇರದೆ, ಬರೀ ಅಣಬೆಯ ಸಾರು ಬೇಕೆಂದು ನಾಲಗೆ ಹಟ ಹಿಡಿದಿತ್ತು. ಗುಡುಗು ಬಂತು, ಅತ್ತೆ ಗುಟ್ಟೆ ಹತ್ತಿ ಮಡಿಲ ತುಂಬ ತಂದಳು. ಎದೆ ಹಿಡಿದ ಹಾಗಾಗುತ್ತಿದೆ ಎಂದು ದಾರಿಯಲ್ಲಿ ಕೂತು ಕೂತು ಬಂದಳಂತೆ. ಸಾರು ಮಾಡಿದ್ದು ಶಾಮಲಮ್ಮನೇ. ಒಲೆಯ ಮೇಲೆ ಅದು ಕುದಿಯುವಾಗ ಎದ್ದ ವಾಸನೆಗೆ ಅವಳ ಕಣ್ಣಲ್ಲಿ ನೀರೇ ಬಂತು. ಒಂದೇ ಒಂದು ತುಣುಕು ಕೊಡಿ ಅತ್ತೆ ಎಂದು ಅಂಗಲಾಚಿದಳು. ನಾಳೆ ಎಂದಳು ಮುದುಕಿ. ಹೊಟ್ಟೇಲಿರೋದು ಕೇಳ್ತಾ ಐತೆ ಅಂದಳು. ಅದಕ್ಕೇ ನಾಳೆ ಎಂದಳು ಮುದುಕಿ.

ಆಗ ಶಾಮಲಮ್ಮ ಕೂಗಿದ್ದು ನಿಜ. “ಒಬ್ಬಳೇ ತಿಂದು ಸಾಯಿ!”

ಊರಿಗೆ ಕೇಳಿಸಿದ್ದು ಅಷ್ಟೇ. ಕೊಂಡಮ್ಮ ಮೆಲುದನಿಯವಳು, ಅವಳು ನಗುತ್ತ ಕೊಟ್ಟ ಉತ್ತರ ಅಡಿಗೆಮನೆಯ ಗೋಡೆಯನ್ನೂ ದಾಟಲಿಲ್ಲ. “ಆಗ್ಲಿ ಬಿಡೇ. ನಾಳೆ ದೀಪ ಹಚ್ಚೋ ಹೊತ್ತಿಗೆ ನಾನು ಓಡಾಡ್ತಾ ಇದ್ರೆ, ಮಡಕೇಲಿರೋದೆಲ್ಲಾ ನಿಂದೇ.”

*

“ಕೊಯ್ಯಲೇಬೇಕು ಅಂದ್ರೆ ಮೊದಲು ಇದನ್ನ ಕೊಯ್ಯಿರಿ ಮಾವ” ಎಂದು ಶಾಮಲಮ್ಮ ಹಿತ್ತಲಿನಿಂದ ಮರಳಿನ ಮಡಕೆಯನ್ನು ತಂದು ಇಳಿಸಿದಳು. ಮೇಲೆ ಅತ್ತೆಯ ಚೂರಿ ಇಟ್ಟಳು. “ನಾನು ಮುಟ್ಟಲ್ಲ. ನೀವೇ ಮರಳಲ್ಲಿ ಕೈ ಹಾಕಿ. ನಿಮ್ಮ ಕೈಗೆ ಸಿಕ್ಕಿದ್ದನ್ನ ನೀವೇ ಕೊಯ್ಯಿರಿ. ಎಲ್ಲಾ ಒಂದೇ ಮರದ ಬುಡದ್ದು, ಒಂದೇ ಹೊತ್ತಿಗೆ ತಂದದ್ದು.”

ಬಚ್ಚಪ್ಪ ಕದಲಲಿಲ್ಲ. ಮುಟ್ಟಲು ಅವನಿಗೆ ಭಯವಿತ್ತು, ಎಲ್ಲರಿಗೂ ಅದು ಕಾಣುತ್ತಿತ್ತು.

“ಕೊಯ್ಯಿ ಬಚ್ಚಪ್ಪ” ಅಂದ ಅಪ್ಪಾಜಪ್ಪ. “ನಿಮ್ಮಕ್ಕನ್ನ ಕೊಯ್ಸೋದಕ್ಕಿಂತ ಇದು ಸುಲಭ.”

ಸೀರೆಯನ್ನು ಎಡಗೈಯಲ್ಲಿ ಹಿಡಿದೇ ಅವನು ಮರಳಿನಲ್ಲಿ ಕೈಯಾಡಿಸಿದ. ಒಂದು ಉಂಡೆ ಸಿಕ್ಕಿತು. ಹರಿವಾಣದ ಮೇಲಿಟ್ಟು ಚೂರಿಯಿಂದ ಒತ್ತಿದ. ಅದು ಎರಡಾಗಿ ಬಿತ್ತು. ಒಳಗೆ ಬೆಳ್ಳಗೆ, ಆಗತಾನೆ ಕಡೆದ ಬೆಣ್ಣೆಯಷ್ಟು ಬೆಳ್ಳಗೆ.

“ಕೊಡೆ ಐತಾ ನೋಡಿ ಒಳಗೆ. ಕಾಲು, ಟೋಪಿ, ಏನಾದ್ರೂ ಬರೆದಂಗೆ ಐತಾ?”

“ಇಲ್ಲ.”

“ಸಿಪ್ಪೆ ದಪ್ಪ ಐತಾ?”

ಉಗುರಿನಿಂದ ಎಬ್ಬಿಸಿ ನೋಡಿದ. “ಇಲ್ಲ... ಆದ್ರೆ ಇದು ಬೆಳ್ಳಗೈತೆ. ಅದು ಕಪ್ಪು. ಎರಡೂ ಒಂದೇ ಅಂತ ನಾನು ಹೆಂಗೆ ನಂಬ್ಲಿ?”

“ನಂಬಬೇಡಿ. ಕೂತ್ಕೊಳ್ಳಿ. ಕರಿ ಉಂಡೆ ಆದ್ರೆ ಕೊಯ್ದಾಗಲೇ ಕಪ್ಪು. ತಿನ್ನೋ ಉಂಡೆ ಕೊಯ್ದಾಗ ಬಿಳುಪು, ಗಾಳಿ ತಾಗ್ತಾ ತಾಗ್ತಾ ಕಪ್ಪಾಗ್ತದೆ. ನೋಡ್ತಾ ಕೂತ್ಕೊಳ್ಳಿ, ಅಷ್ಟೇ.”

ಸಾವಿನ ಮನೆಯಲ್ಲಿ ಎಷ್ಟೋ ಬಗೆಯ ಕಾಯುವಿಕೆ ಇರುತ್ತದೆ. ಮಗ ಬರಲಿ ಎಂದು, ಮಳೆ ನಿಲ್ಲಲಿ ಎಂದು, ಗುಂಡಿ ಮುಗಿಯಲಿ ಎಂದು ಕಾಯುತ್ತಾರೆ. ಅಣಬೆ ಬಣ್ಣ ತಿರುಗಲಿ ಎಂದು ಒಂದು ಊರು ಹೆಣ ಇಟ್ಟುಕೊಂಡು ಕಾದದ್ದು ಇದೇ ಮೊದಲಿರಬೇಕು. ತಮಟೆಯವರು ತಮಟೆ ಪಕ್ಕಕ್ಕಿಟ್ಟು ಬೀಡಿ ಹಚ್ಚಿದರು. ಬಚ್ಚಪ್ಪ ಹರಿವಾಣದ ಮುಂದೆ ಕೂತ. ಎಡಗಡೆ ನಿನ್ನೆಯ ಅರ್ಧ, ಬಲಗಡೆ ಇವತ್ತಿನ ಎರಡು ಹೋಳು, ಎದುರಿಗೆ ಅಕ್ಕ.

ಬಿಳುಪು ಬಿಳುಪಾಗಿಯೇ ಇತ್ತು. ಗುಂಪಿನಲ್ಲಿ ಗುಸುಗುಸು ಎದ್ದಿತು. ಶಾಮಲಮ್ಮ ಹರಿವಾಣದ ಕಡೆ ಬಾಗಿ ನೋಡಿದಳು. ಒದ್ದೆ ಮರಳಲ್ಲಿ ಇದ್ದದ್ದು ಬಣ್ಣ ತಿರುಗಲು ತಡವಾಗುತ್ತದೆಯೋ ಏನೋ, ಅದನ್ನು ಅತ್ತೆ ಹೇಳಿರಲಿಲ್ಲ. ಕೇಳಲು ಈಗ ಅತ್ತೆ ಇರಲಿಲ್ಲ. ಇನ್ನು ಯಾವುದನ್ನೂ ಅವಳನ್ನು ಕೇಳುವ ಹಾಗಿಲ್ಲ ಎಂಬುದು ಆಗ ಅವಳಿಗೆ ಮೊದಲ ಸಲ ತಿಳಿಯಿತು.

“ಮಾವ.” ಮುನಿಕೃಷ್ಣಪ್ಪ ಇದ್ದಕ್ಕಿದ್ದ ಹಾಗೆ ಎದ್ದು ನಿಂತ. ದನಿ ಒಡೆದಿತ್ತು. “ಬಣ್ಣ ತಿರುಗ್ಲಿ, ಬಿಡ್ಲಿ. ಅಮ್ಮನ್ನ ಕೊಯ್ಯಕ್ಕೆ ನಾನು ಬಿಡಲ್ಲ. ಇವಳು ಏನೂ ಮಾಡಿಲ್ಲ. ಅಮ್ಮಂಗೆ ನಾಕು ದಿನದಿಂದ ಎದೆನೋವಿತ್ತು. ನಾನೇ ಉದಾಸೀನ ಮಾಡ್ದೆ.”

ಶಾಮಲಮ್ಮ ಗಂಡನ ಕಡೆ ನೋಡಿದಳು. ಬಣ್ಣ ತಿರುಗುವ ಮೊದಲೇ ಹೇಳಿದನಲ್ಲ, ಅವಳಿಗೆ ಅಷ್ಟು ಸಾಕಾಗಿತ್ತು. ಬೆಳಗಿನಿಂದ ಕಟ್ಟಿಕೊಂಡಿದ್ದ ಅಳು ಒಮ್ಮೆಗೇ ಬಂತು. ಅತ್ತೆಯ ಹೆಸರು ಹಿಡಿದು ಗಟ್ಟಿಯಾಗಿ ಅತ್ತಳು.

ಮುನಿಶಾಮಮ್ಮನೂ ಸೆರಗಿನಿಂದ ಮೂಗೊರೆಸಿಕೊಂಡು ಮುಂದೆ ಬಂದಳು. “ಹೌದು ಕಣಪ್ಪ, ಎದೆನೋವಿತ್ತು. ಮೊನ್ನೆ ನಾನೇ ಹರಳೆಣ್ಣೆ ಹಚ್ಚಿ ತಿಕ್ಕಿದ್ದೆ. ರಾತ್ರಿ ವಾಂತಿ ಅಂತ ಎದ್ದಿದ್ರೆ ನಂಗೆ ಕೇಳಿಸ್ತಿತ್ತು, ಮಧ್ಯೆ ಇರೋದು ಒಂದೇ ಗೋಡೆ. ಕೇಳಿಸಲಿಲ್ಲ. ಮಲಗಿದಂಗೇ ಹೋಗವ್ಳೆ.”

“ಇದನ್ನ ಆಗ್ಲೇ ಹೇಳಬಾರ್ದಾಗಿತ್ತೇನಮ್ಮ?” ಎಂದು ಅಪ್ಪಾಜಪ್ಪ ಗದರಿದ.

“ಯಾರು ಕೇಳಿದ್ರು ನನ್ನ?”

ಬಚ್ಚಪ್ಪನಿಗೆ ಇದ್ಯಾವುದೂ ಕೇಳಿಸುತ್ತಿರಲಿಲ್ಲ. ಅವನು ಹರಿವಾಣದ ಮೇಲೆ ಬಾಗಿದ್ದ. ಬಲಗಡೆಯ ಹೋಳಿನ ಅಂಚಿನಲ್ಲಿ ತೆಳ್ಳಗೆ ಹಳದಿ ಮೂಡಿತ್ತು. ತಮಟೆಯವರು ಎರಡನೆಯ ಬೀಡಿ ಹಚ್ಚುವ ಹೊತ್ತಿಗೆ ಅದು ನಡುವಿನ ತನಕ ಹರಡಿತು. ಆಮೇಲೆ ಹಳದಿ ಕಂದಾಯಿತು. ಕಂದು ಗಾಢವಾಗುತ್ತ ಎಡಗಡೆಯ ಅರ್ಧದ ಬಣ್ಣದ ಕಡೆಗೇ ನಡೆಯಿತು. ಅವನು ಇನ್ನೊಂದು ಉಂಡೆ ತೆಗೆದು ಕೊಯ್ದ. ಮತ್ತೊಂದು ಕೊಯ್ದ. ಎಲ್ಲವೂ ಬೆಳ್ಳಗೆ. ಯಾವುದರಲ್ಲೂ ಕೊಡೆ ಇರಲಿಲ್ಲ.

“ಕೊಡೆ ಇರೋದು ಹೆಂಗಿರ್ತದಮ್ಮ?” ಎಂದು ಕೇಳಿದ. ದನಿಯಲ್ಲಿ ಈಗ ಸಿಟ್ಟು ಇರಲಿಲ್ಲ.

ಶಾಮಲಮ್ಮ ಕಣ್ಣೊರೆಸಿಕೊಂಡು ಕೂತು, ಅಂಗಳದ ಮಣ್ಣಿನಲ್ಲಿ ಬೆರಳಿನಿಂದ ಬರೆದಳು. ಒಂದು ಮೊಟ್ಟೆ. ಅದರೊಳಗೆ ಒಂದು ಕಾಲು, ಕಾಲಿನ ಮೇಲೆ ಮಡಿಸಿದ ಟೋಪಿ.

“ಕೊಯ್ದ್ರೆ ಇದು ಕಾಣ್ತದಾ? ಎಲ್ಲಾರಿಗೂ?”

“ಕಣ್ಣಿದ್ದೋರಿಗೆಲ್ಲಾ ಕಾಣ್ತದೆ ಮಾವ.”

ಬಚ್ಚಪ್ಪ ಆ ಗೆರೆಗಳನ್ನು ಬಹಳ ಹೊತ್ತು ನೋಡಿದ. “ನಮ್ಮಮ್ಮಂಗೆ ಗೊತ್ತಿರಲಿಲ್ಲ” ಎಂದ, ಯಾರಿಗೋ ಸಮಜಾಯಿಷಿ ಕೊಡುವವನ ಹಾಗೆ. “ಅವಳಿಗೆ ಗೊತ್ತೇ ಇರಲಿಲ್ಲ.” ಆಮೇಲೆ ಅವನು ಅತ್ತ. ಅಕ್ಕನಿಗಾಗಿಯೋ, ಎಂದೋ ಮಣ್ಣಾದ ತಾಯಿಗಾಗಿಯೋ, ಸಾವಿನ ಮನೆಯಲ್ಲಿ ಅದನ್ನು ಯಾರೂ ಬಿಡಿಸಿ ಕೇಳುವುದಿಲ್ಲ.

ಎದ್ದು ಸೀರೆಯ ಮಡಿಕೆ ಬಿಚ್ಚಿದ. ಕೊಂಡಮ್ಮನ ಹೆಗಲ ಮೇಲೆ ಹೊದಿಸಿ, ಜಾರದ ಹಾಗೆ ಕುತ್ತಿಗೆಯ ಸುತ್ತ ಸರಿಮಾಡಿದ. ತಮಟೆ ಮತ್ತೆ ಶುರುವಾಯಿತು.

*

ಮಣ್ಣು ಮಾಡಿ, ಸ್ನಾನ ಮಾಡಿ, ಕೊಂಡಮ್ಮ ಕೂತಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪಕ್ಕೆ ಕೈಮುಗಿದು ಜನ ಒಬ್ಬೊಬ್ಬರಾಗಿ ಹೊರಟರು. ನಂಗಲಿಯ ಗಾಡಿಯೂ ಹೊರಟು ನಿಂತಿತ್ತು. ಬಚ್ಚಪ್ಪ ಗಾಡಿಯವನಿಗೆ ನೀನು ನಡಿ ಎಂದು ಕೈ ಮಾಡಿ ಒಳಗೆ ಬಂದ. ಹೊತ್ತು ಮುಳುಗುತ್ತಿತ್ತು. ಶಾಮಲಮ್ಮ ಗೂಡಿನ ದೀಪಕ್ಕೆ ಹೊಂಗೆಎಣ್ಣೆ ಹಾಕುತ್ತಿದ್ದಳು. ಸೀಮೆಎಣ್ಣೆ ಕಣ್ಣಿಗೆ ಬೀಳದೆ ತಿಂಗಳಾಗಿತ್ತು.

“ಮಡಕೇಲಿ ಇನ್ನೂ ಐತೇನಮ್ಮ?”

“ಐತೆ ಮಾವ.”

“ನಾಕು ತೆಗಿ.”

ಸೂತಕದ ಮನೆಯಲ್ಲಿ ಒಲೆ ಉರಿಸುವ ಹಾಗಿರಲಿಲ್ಲ. ಅವನೇ ಅವನ್ನು ಹರಿವಾಣದಲ್ಲಿ ಹಾಕಿಕೊಂಡು, ಒಂದೊಂದನ್ನೇ ಕೊಯ್ದು, ಒಂದೊಂದನ್ನೂ ದೀಪದ ಬೆಳಕಿಗೆ ಹಿಡಿದು ನೋಡಿದ. ಒಂದು ಅರ್ಧವನ್ನು ಬದಿಗೆ ತೆಗೆದಿಟ್ಟ. ಉಳಿದದ್ದನ್ನು ಪಕ್ಕದ ಮನೆಗೆ ಒಯ್ದ.

“ಇವತ್ತು ಅಣಬೆನಾ? ಮಣ್ಣು ಮಾಡಿ ಬಂದ ದಿನಾನಾ?” ಎಂದಳು ಮುನಿಶಾಮಮ್ಮ.

“ಅಕ್ಕಯ್ಯ ಒಂದು ಮಾತು ಕೊಟ್ಟಿದ್ಲಂತೆ ಸೊಸೆಗೆ, ಹುಡುಗೀನೇ ಹೇಳಿದ್ಲು ನಂಗೆ. ಅಕ್ಕಯ್ಯ ಬದುಕಿದ್ದಿದ್ರೆ ಇವತ್ತು ಈ ಹುಡುಗಿ ಉಣ್ತಿದ್ಲು. ಈಗ ಮತ್ತೆ ಮೊದಲಿಂದ ಶುರು. ದೊಡ್ಡೋರು ಮೊದಲು. ಇವತ್ತಿಗೆ ಈ ಮನೆಗೆ ದೊಡ್ಡೋನು ನಾನೇ. ಬೇಯಿಸ್ತೀಯೋ, ಒಲೆ ಬಿಟ್ಟು ಕೊಡ್ತೀಯೋ?”

ಮುನಿಶಾಮಮ್ಮ ಬಾಯಿ ಮುಚ್ಚಿಕೊಂಡು ಬೇಯಿಸಿದಳು.

ಜಗಲಿಯ ಮೇಲೆ ಕೂತು ಬಚ್ಚಪ್ಪ ಉಂಡ. ಹುಟ್ಟಿದಾಗಿನಿಂದ ಬಾಯಿಗೆ ಹಾಕದಿದ್ದ ವಸ್ತು. ಮೊದಲ ತುತ್ತನ್ನು ನೀರು ಕುಡಿದು ನುಂಗಿದ. ಶಾಮಲಮ್ಮನೂ ಮುನಿಕೃಷ್ಣಪ್ಪನೂ ಬೇರೆ ಕಡೆ ನೋಡಿದರು. ತಟ್ಟೆ ಖಾಲಿಯಾಗುವ ತನಕ ಅವನು ಏಳಲಿಲ್ಲ.

“ಚೆನ್ನಾಗೈತೆ” ಎಂದ ಕೊನೆಗೆ, ಆಶ್ಚರ್ಯದಿಂದ. ಆಮೇಲೆ ಟವಲು ಕೊಡವಿ ಹಾಸಿಕೊಂಡು ಅಲ್ಲೇ ಗೋಡೆಯ ಕಡೆ ತಲೆಯಿಟ್ಟು ಉರುಳಿದ. “ನಾಳೆ ದೀಪ ಹಚ್ಚೋ ತನಕ ನಾನು ಇಲ್ಲೇ ಇರ್ತೀನಿ ಕಣಮ್ಮ. ಅಲ್ಲೀ ತನಕ ಆ ಮಡಕೆ ಮುಟ್ಟಬೇಡ.”

ಶಾಮಲಮ್ಮ ಒಳಗೆ ಹೋಗಿ, ಅವನು ಬದಿಗಿಟ್ಟಿದ್ದ ಅರ್ಧವನ್ನು ಹರಿವಾಣದಿಂದ ಎತ್ತಿ ಗೂಡಿನಲ್ಲಿಟ್ಟಳು. ಹೆಣ ಎತ್ತಿದ ಮೇಲೆ ಅವಳೇ ತಿರುಗಿ ತಂದಿಟ್ಟಿದ್ದ ನಿನ್ನೆಯದು ಅಲ್ಲೇ ಪಕ್ಕದಲ್ಲಿತ್ತು, ಮುದುಡಿ ಕಪ್ಪಾಗಿ. ಅದನ್ನು ತೆಗೆಯಲು ಕೈ ಚಾಚಿದವಳು, ತೆಗೆಯದೆ ಹಾಗೇ ಬಿಟ್ಟಳು. ಜಗಲಿಯಿಂದ ಬಚ್ಚಪ್ಪನ ಉಸಿರು ಕೇಳಿಸುತ್ತಿತ್ತು. ಅದನ್ನು ಆಲಿಸುತ್ತ ಅವಳು ದೀಪದ ಬತ್ತಿಯನ್ನು ಸ್ವಲ್ಪ ಮುಂದೂಡಿದಳು. ಹೊಸ ಅರ್ಧದ ನಡುವಿನಲ್ಲಿ ಬಿಳುಪು ಇನ್ನೂ ಚೂರು ಉಳಿದಿತ್ತು, ಅಂಚು ಆಗಲೇ ಹಳದಿ ದಾಟಿ ಕಂದಾಗತೊಡಗಿತ್ತು.